ಮಿಣುಕುಹುಳು, ಗೋಪುರ ಮತ್ತು ನೀಲಿ ಚುಕ್ಕೆ

ಕಳೆದ ವರ್ಷ ಆಷಾಢದ ಒಂದು ರಾತ್ರಿ, ಹನ್ನೊಂದು ಗಂಟೆಯ ಸುಮಾರಿಗೆ, ಪಕ್ಕದ ಮನೆಯ ರಾಯರಿಗೆ ಎದೆನೋವು ಕಾಣಿಸಿಕೊಂಡಿತು. ಅವರ ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಅವರ ಶ್ರೀಮತಿಯವರು ಗಾಬರಿಯಿಂದ ಬಂದು ನಮ್ಮ ಬಾಗಿಲು ತಟ್ಟಿದರು. ನಾನು ಆಂಬುಲೆನ್ಸಿಗೆ ಕರೆ ಮಾಡಿ ವಿಳಾಸ ಹೇಳತೊಡಗಿದರೆ, ಚಾಲಕ ಅರ್ಧದಲ್ಲಿಯೇ ತಡೆದು, "ಸಾರ್, ಅದೆಲ್ಲ ಬೇಡ, ಲೊಕೇಶನ್ ಕಳಿಸಿಬಿಡಿ ಸಾರ್" ಎಂದ. ಮೊಮ್ಮಗಳು ಕಲಿಸಿಕೊಟ್ಟಿದ್ದ ಕ್ರಮದಲ್ಲಿ, ರಾಯರ ಮಂಚದ ಪಕ್ಕದಲ್ಲಿ ನಿಂತುಕೊಂಡೇ ಕಳುಹಿಸಿದೆ.

ಹತ್ತು ನಿಮಿಷದೊಳಗೆ ಸೈರನ್ನಿನ ಸದ್ದು ಕೇಳಿಸಿತು. ಆದರೆ ಅದು ಹತ್ತಿರ ಬರಲಿಲ್ಲ. ಹಿತ್ತಲಿನ ಆಚೆ, ಹಿಂದಿನ ಅಡ್ಡರಸ್ತೆಯಲ್ಲಿ, ನಿಂತಲ್ಲಿಯೇ ಕೂಗುತ್ತಿತ್ತು. ನಾನು ಟಾರ್ಚ್ ಹಿಡಿದು ಮೂಲೆ ಸುತ್ತಿಕೊಂಡು ಓಡಿದೆ; ಅರವತ್ತು ದಾಟಿದವನ ಓಟ ಎಷ್ಟು ವೇಗವಾದೀತು! ಚಾಲಕ ಯಾರದೋ ಮನೆಯ ಗೇಟು ಬಡಿಯುತ್ತಿದ್ದ. "ಚುಕ್ಕೆ ಇಲ್ಲೇ ತೋರಿಸ್ತಾ ಇದೆ ಸಾರ್" ಎಂದು ಮೊಬೈಲನ್ನು ನನ್ನ ಮುಖಕ್ಕೇ ಹಿಡಿದ. ತೋರಿಸುತ್ತಿದ್ದದ್ದು ನಿಜ. ಏಳೆಂಟು ನಿಮಿಷ ವ್ಯರ್ಥವಾಯಿತು. ರಾಯರು ಉಳಿದರು, ಈಗಲೂ ಬೆಳಿಗ್ಗೆ ನನ್ನೊಡನೆ ಬಲ್ಲಾಳ್ ವೃತ್ತದವರೆಗೆ ನಡೆದು ಬರುತ್ತಾರೆ. ಆದರೆ ಆ ಏಳೆಂಟು ನಿಮಿಷ ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಅದೇ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಗುಂಬೆಯ ಕಡೆಯ ಕಾಡುದಾರಿಯೊಂದರಲ್ಲಿ ಜೀಪು ಚರಂಡಿಗೆ ಜಾರಿ ಸಿಕ್ಕಿಕೊಂಡ. ಜೊತೆಯಲ್ಲಿದ್ದವನ ಕಾಲು ಮುರಿದಿತ್ತು. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಆದರೆ ಅವನು ಮೊದಲೇ ಇಳಿಸಿಕೊಂಡಿದ್ದ ನಕ್ಷೆಯಲ್ಲಿ ನೀಲಿ ಚುಕ್ಕೆ ಸರಿಯಾಗಿ ಆ ರಸ್ತೆಯ ತಿರುವಿನ ಮೇಲೆಯೇ ಕುಳಿತಿತ್ತು. ಅವನು ಜಾಣ. ಚುಕ್ಕೆಯ ಅಕ್ಷಾಂಶ, ರೇಖಾಂಶಗಳನ್ನು ಒಂದು ಚೀಟಿಯಲ್ಲಿ ಬರೆದು, ಮುಖ್ಯರಸ್ತೆಯವರೆಗೆ ನಡೆದು, ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟ. ಕಂಡಕ್ಟರರು ಸಿಗ್ನಲ್ ಸಿಕ್ಕಿದ ಕೂಡಲೇ ಕರೆ ಮಾಡಿ ಆ ಅಂಕಿಗಳನ್ನು ಓದಿ ಹೇಳಿದರು. ನೆರವು ನೇರವಾಗಿ ಆ ತಿರುವಿಗೇ ಬಂದಿತು.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಸೋಜಿಗವೆನಿಸಿತು. ಹೆಜ್ಜೆಗೊಂದು ಮೊಬೈಲ್ ಇರುವ ಮೈಸೂರಿನ ನಡುವೆ ನಮ್ಮ ಸ್ಥಳ ತಪ್ಪಾಗಿ ತಿಳಿಯಿತು; ನರಪಿಳ್ಳೆಯಿಲ್ಲದ ಕಾಡಿನಲ್ಲಿ ಸರಿಯಾಗಿ ತಿಳಿದೂ ಯಾರಿಗೂ ತಲುಪಲಿಲ್ಲ. ಹೀಗೇಕೆ? ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ಪಾಠ ಮಾಡಿದವನು ಇಂತಹ ಪ್ರಶ್ನೆಗೆ ಉತ್ತರವನ್ನು ಮೊದಲು ಹುಡುಕುವುದು ಇತಿಹಾಸದಲ್ಲಿ. ಹುಡುಕುತ್ತ ಹೋದಾಗ ಉತ್ತರದ ಮೊದಲ ಎಳೆ ದೊರೆತದ್ದು ನಮ್ಮ ಊರಿನಿಂದ ಕೇವಲ ಹದಿನಾಲ್ಕು-ಹದಿನೈದು ಕಿಲೋಮೀಟರು ದೂರದ ಶ್ರೀರಂಗಪಟ್ಟಣದಲ್ಲಿ!

1799ರ ಏಪ್ರಿಲ್ ತಿಂಗಳ ಮೊದಲ ವಾರ. ನಾಲ್ಕನೆಯ ಮೈಸೂರು ಯುದ್ಧದ ಕೊನೆಯ ಘಟ್ಟ. ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದ ಕೋಟೆಯ ಎದುರಿಗೆ ಬಂದು ಬೀಡುಬಿಟ್ಟಿತ್ತು. ಬೀಡಿಗೂ ಕೋಟೆಗೂ ನಡುವೆ ಸುಲ್ತಾನ್‌ಪೇಟೆ ಎಂಬ ದಟ್ಟವಾದ ತೋಪು. ಅದರ ಸುತ್ತ ಕಾಲುವೆ. ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತನ್ನ ತುಕಡಿಯೊಡನೆ ಆ ತೋಪನ್ನು ಹೊಕ್ಕ. ಒಳಗೆ ಕಗ್ಗತ್ತಲೆ. ಯಾವುದು ಮುಂದು, ಯಾವುದು ಹಿಂದು ಎಂಬುದೇ ತಿಳಿಯದಾಯಿತು. ಟಿಪ್ಪುವಿನ ಸೈನಿಕರಿಗೆ ಮಾತ್ರ ಅಲ್ಲಿನ ಪ್ರತಿಯೊಂದು ಮರದ ಪರಿಚಯವಿತ್ತು. ವೆಲ್ಲೆಸ್ಲಿಯ ಮಂಡಿಗೆ ಪೆಟ್ಟಾಯಿತು, ಕೆಲವರು ಸೆರೆಸಿಕ್ಕರು, ಅವನು ದಾರಿ ತಪ್ಪಿ, ತಡಕಾಡಿಕೊಂಡು ಬೀಡಿಗೆ ಹಿಂದಿರುಗಿದ. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ಅಂಥವನೂ ನಮ್ಮ ಕಾವೇರಿ ತೀರದ ಒಂದು ತೋಪಿನಲ್ಲಿ ದಿಕ್ಕುಗೆಟ್ಟ!

ಅದೇ ದಿನಗಳಲ್ಲಿ ಅದೇ ಪರಿಸರದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಜನರಲ್ ಬೇರ್ಡನ ತುಕಡಿ ರಾತ್ರಿಯ ಹೊತ್ತು ಹಿಂದಿರುಗುತ್ತಿತ್ತು. ಅವನೊಡನೆ ವಿಲಿಯಂ ಲ್ಯಾಂಬ್ಟನ್ ಎಂಬ ಮಿತಭಾಷಿ ಅಧಿಕಾರಿಯಿದ್ದ. ಗಣಿತ, ಖಗೋಳಗಳಲ್ಲಿ ಮುಳುಗಿದವನು. ಅವನು ಆಕಾಶ ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಶತ್ರುವಿನ ಕಡೆಗೇ ನಡೆಯುತ್ತಿದ್ದೇವೆ ಎಂದು ಎಚ್ಚರಿಸಿದ. ದಾರಿ ಹಿಡಿಯಲು ನನಗೆ ನಕ್ಷತ್ರಗಳ ಸಲಹೆ ಬೇಕಿಲ್ಲ ಎಂಬ ಅರ್ಥದಲ್ಲಿ ಬೇರ್ಡ್ ಗದರಿದನಂತೆ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದರು. ದೀಪ ಹಚ್ಚುವಂತಿರಲಿಲ್ಲ. ಒಂದು ಮಿಣುಕುಹುಳುವನ್ನು ಹಿಡಿದು ದಿಕ್ಸೂಚಿಯ ಗಾಜಿನ ಮೇಲಿರಿಸಿ, ಅದರ ಬೆಳಕಿನಲ್ಲಿ ಮುಳ್ಳನ್ನು ನೋಡಿದರೆಂದು ಕಥೆ. ಲ್ಯಾಂಬ್ಟನ್ ಹೇಳಿದ್ದೇ ಸರಿಯಾಗಿತ್ತು.

ತೋಪಿನ ಒಳಗಿದ್ದವನಿಗೆ ಆಕಾಶ ಮುಚ್ಚಿತ್ತು, ಬಯಲಿನಲ್ಲಿದ್ದವನಿಗೆ ತೆರೆದಿತ್ತು. ನಾವಿರುವ ಸ್ಥಳದ ಬಗ್ಗೆ ನಿಷ್ಪಕ್ಷಪಾತವಾದ ಸಾಕ್ಷಿ ಆಕಾಶದಲ್ಲಿದೆ. ಆದರೆ ಆ ಸಾಕ್ಷಿ ನಮಗೆ ಕಾಣಬೇಕು. ಇಂದಿನ ಮೊಬೈಲಿಗೂ ಈ ನಿಯಮದಿಂದ ಬಿಡುಗಡೆಯಿಲ್ಲ.

ಯುದ್ಧ ಮುಗಿದ ಮೇಲೆ ಅದೇ ಲ್ಯಾಂಬ್ಟನ್ ಮೈಸೂರು ಸೀಮೆಯಲ್ಲಿಯೇ ಒಂದು ಮಹಾಕಾರ್ಯಕ್ಕೆ ಕೈಹಾಕಿದ. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಸಮೀಪ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದ ಸಾಮಾನುಗಳ ಪೈಕಿ ಉಳಿದು, ಕಲ್ಕತ್ತೆಯ ದಾರಿಯಾಗಿ ಅವನ ಕೈಸೇರಿದ ಸರಪಳಿ ಅದು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ನಡೆದ. ಭಾರತದ ಮಹಾ ತ್ರಿಕೋನಮಿತೀಯ ಮೋಜಣಿಯೆಂದು ಮುಂದೆ ಹೆಸರಾದದ್ದು ಇದೇ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಒಂದು ಗೆರೆಯನ್ನು ಅಳೆದು, ಮದರಾಸಿನಿಂದ ಲೆಕ್ಕ ಹಾಕಿ ಬಂದ ಉದ್ದದೊಡನೆ ಹೋಲಿಸಿದಾಗ, ಅಷ್ಟು ಮೈಲಿಗಳಿಗೆ ಬಂದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ! ಅಂದಿನ ನಕ್ಷೆಗಳಲ್ಲಿ ಸುಮಾರು 400 ಮೈಲಿ ಅಗಲವಾಗಿದ್ದ ಪರ್ಯಾಯ ದ್ವೀಪ, ಮದರಾಸಿನಿಂದ ಮಂಗಳೂರಿಗೆ ಸುಮಾರು 360 ಮೈಲಿ ಮಾತ್ರ ಎಂದು ತಿಳಿದದ್ದೂ ಈ ಮೋಜಣಿಯಿಂದಲೇ.

ಬೆಟ್ಟಗುಡ್ಡಗಳ ನಮ್ಮ ಮೈಸೂರು ಸೀಮೆ ಅವನಿಗೆ ಅನುಕೂಲವಾಗಿಯೇ ಇತ್ತು. ಶಿಖರದ ಮೇಲೆ ನಿಂತರೆ ಹತ್ತಾರು ಮೈಲಿ ದೂರದ ಇನ್ನೊಂದು ಶಿಖರ ಕಾಣುತ್ತದೆ. ಕಷ್ಟ ಬಂದದ್ದು ಜನವಸತಿ ದಟ್ಟವಾಗಿದ್ದ, ತೆಂಗು-ತಾಳೆಗಳು ತುಂಬಿದ್ದ, ಗುಡ್ಡವಿಲ್ಲದ ತಂಜಾವೂರಿನ ಬಯಲಿನಲ್ಲಿ. ಅಲ್ಲಿ ದೂರದೃಷ್ಟಿಗೆ ಎತ್ತರವೆಂದರೆ ದೇವಾಲಯಗಳ ಗೋಪುರಗಳೇ. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಹಗ್ಗ ಕಡಿಯಿತು. ಉಪಕರಣ ಗೋಡೆಗೆ ಅಪ್ಪಳಿಸಿ ಜಖಂಗೊಂಡಿತು. ಲ್ಯಾಂಬ್ಟನ್ ಡೇರೆಯೊಂದರಲ್ಲಿ ಸುಮಾರು ಆರು ವಾರ ಒಬ್ಬನೇ ಕುಳಿತು ಅದನ್ನು ಬಿಚ್ಚಿ, ಬಗ್ಗಿದ ಚಕ್ರವನ್ನು ಸ್ವಲ್ಪಸ್ವಲ್ಪವೇ ಎಳೆದು ಸರಿಪಡಿಸಿದ. ನಿರ್ಜನವಾದ ಬೆಟ್ಟಸಾಲಿನಲ್ಲಿ ಸುಲಭವಾಗಿದ್ದ ಸ್ಥಳನಿರ್ಣಯ ಕಿಕ್ಕಿರಿದ ಬಯಲಿನಲ್ಲಿ ಕಷ್ಟವಾಯಿತೆಂಬುದನ್ನು ಗಮನಿಸಬೇಕು. ನಮ್ಮ ಅಡ್ಡರಸ್ತೆಯ ಕಥೆಯೂ ಇದೇ ಅಲ್ಲವೇ?

ಈಗ ಲ್ಯಾಂಬ್ಟನ್ನನ ಬೆಟ್ಟಗಳನ್ನು ಎತ್ತಿ ಆಕಾಶದಲ್ಲಿ ಇರಿಸಿದ್ದೇವೆಂದು ಊಹಿಸಿಕೊಳ್ಳಿ. ಅದೇ ಜಿ.ಪಿ.ಎಸ್. ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಈ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕು, ಹೊಡೆದುರುಳಿಸಲ್ಪಟ್ಟು, ಅದರಲ್ಲಿದ್ದ 269 ಮಂದಿ ಸತ್ತರು. ಇದಾದ ಮೇಲೆ ಅಧ್ಯಕ್ಷ ರೇಗನ್ ಈ ವ್ಯವಸ್ಥೆ ಸಿದ್ಧವಾದಾಗ ನಾಗರಿಕರಿಗೂ ದೊರೆಯುವುದೆಂದು ಘೋಷಿಸಿದರು. ಆದರೂ ಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಸುಮಾರು 100 ಮೀಟರಿನಷ್ಟು ತಪ್ಪನ್ನು ಬೆರೆಸುತ್ತಿದ್ದರು. 2000ದ ಮೇ ತಿಂಗಳ ಮೊದಲಲ್ಲಿ ಆ ಬೆರಕೆಯನ್ನು ನಿಲ್ಲಿಸಲಾಯಿತು. ನಮ್ಮ ಕೈಯ ಮೊಬೈಲು ದಾರಿ ತೋರಿಸುವಂತಾದುದಕ್ಕೆ ಇದು ಮುಖ್ಯ ಕಾರಣ.

ಇದರ ಕೆಲಸದ ಬಗೆಯನ್ನು ಹೈಸ್ಕೂಲಿನ ಮಕ್ಕಳಿಗೂ ವಿವರಿಸಬಹುದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣು ಗಡಿಯಾರವಿದೆ. ಅದು ತಾನೆಲ್ಲಿದ್ದೇನೆ, ಈಗ ಸಮಯವೆಷ್ಟು ಎಂದು ಸದಾ ಸಾರುತ್ತಿರುತ್ತದೆ. ಆ ಸುದ್ದಿ ಬೆಳಕಿನ ವೇಗದಲ್ಲಿ ಬರುತ್ತದೆ. ಬರಲು ತಗುಲಿದ ಕಾಲದಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಳ ತಿಳಿಯಬೇಕು. ಆದರೆ ಮೊಬೈಲಿನ ಅಗ್ಗದ ಗಡಿಯಾರವನ್ನು ನಂಬುವಂತಿಲ್ಲವಾದ್ದರಿಂದ ಅದರ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು. ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ನೆಲದ ಮೇಲೆ 300 ಮೀಟರು ತಪ್ಪುತ್ತದೆ. ತೆರೆದ ಆಕಾಶದ ಕೆಳಗೆ ನಮ್ಮ ಸಾಧಾರಣ ಮೊಬೈಲು ಸುಮಾರು 5 ಮೀಟರಿನೊಳಗೆ ನಮ್ಮನ್ನು ಗುರುತಿಸಬಲ್ಲದು. ಇದಕ್ಕೆ ಸಿಮ್ ಬೇಡ, ಟವರ್ ಬೇಡ. ಮೊಬೈಲು ಇಲ್ಲಿ ಕೇಳುವುದಷ್ಟೇ. ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ನಾವಿರುವುದು ಉಪಗ್ರಹಕ್ಕೆ ಗೊತ್ತೇ ಇರುವುದಿಲ್ಲ. ಉಪಗ್ರಹವೇ ನಮ್ಮನ್ನು ಹುಡುಕುತ್ತದೆ ಎಂಬುದು ನನ್ನ ಓರಗೆಯ ಅನೇಕರಲ್ಲಿರುವ ತಪ್ಪು ತಿಳಿವಳಿಕೆ.

ಹಾಗಾದರೆ ನಗರದಲ್ಲಿ ಏಕೆ ತಪ್ಪುತ್ತದೆ? ಅಷ್ಟು ದೂರದಿಂದ ಬರುವ ಸಂಕೇತ ಅತ್ಯಂತ ಕ್ಷೀಣ. ಕಾಂಕ್ರೀಟಿನ ತಾರಸಿಯನ್ನು ಅದು ದಾಟಲಾರದು. ಎತ್ತರದ ಕಟ್ಟಡಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ; ಗೋಡೆಗೆ, ಗಾಜಿಗೆ ಬಡಿದು ಬಳಸಿ ಬಂದ ಸಂಕೇತ ನೇರವಾಗಿ ಬಂದದ್ದಕ್ಕಿಂತ ತಡವಾಗಿರುತ್ತದೆ. ಮೊಬೈಲು ಆ ಪ್ರತಿಧ್ವನಿಯನ್ನೇ ನಿಜವೆಂದು ನಂಬಿ ದೂರವನ್ನು ಹೆಚ್ಚಾಗಿ ಎಣಿಸುತ್ತದೆ; ಚುಕ್ಕೆ ಪಕ್ಕದ ಬೀದಿಗೆ ಜಿಗಿಯುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡಗಳ ಸಾಲಿನಲ್ಲಿ ಈ ತೊಂದರೆ ಹೆಚ್ಚು. ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಅಂಥ ಕಟ್ಟಡಗಳಿಲ್ಲ. ಆದರೆ ಹಳೆಯ ಹೆಂಚಿನ ಮನೆಗಳ ಜಾಗದಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಮನೆಗಳೆದ್ದಿವೆ. ಅಡ್ಡರಸ್ತೆಗಳು ಒಂದಕ್ಕೊಂದು ಬೆನ್ನು ಕೊಟ್ಟಷ್ಟು ಸಮೀಪ. ಮೂವತ್ತು ಮೀಟರು ತಪ್ಪಿದರೆ ಸಾಕು, ಬೀದಿಯೇ ಬದಲಾಗುತ್ತದೆ. ನಾನಂತೂ ತಾರಸಿಯ ಕೆಳಗೆ, ಮಂಚದ ಪಕ್ಕದಲ್ಲಿ ನಿಂತಿದ್ದೆ.

ತಾರಸಿಯ ಕೆಳಗೂ ಚುಕ್ಕೆ ಮೂಡಿತಲ್ಲ, ಅದು ಹೇಗೆ? ಅದು ನೆರೆಹೊರೆಯವರ ಸಾಕ್ಷಿ. ಮೊಬೈಲ್ ಟವರುಗಳು ಸಾಮಾನ್ಯವಾಗಿ ತಮ್ಮ ಸುತ್ತಲನ್ನು ಮೂರು ಭಾಗ ಮಾಡಿಕೊಂಡಿರುತ್ತವೆ. ನಮ್ಮ ಮೊಬೈಲು ಯಾವ ಭಾಗದಲ್ಲಿದೆ ಎಂಬುದು ಕಂಪನಿಗೆ ಗೊತ್ತಿರುತ್ತದೆ. ಇದಲ್ಲದೆ ಅಕ್ಕಪಕ್ಕದ ಮನೆಗಳ ವೈಫೈ ಪೆಟ್ಟಿಗೆಗಳ ಗುರುತುಗಳನ್ನೂ ಮೊಬೈಲು ಕೇಳಿಸಿಕೊಳ್ಳುತ್ತದೆ. ಯಾವ ಪೆಟ್ಟಿಗೆ ಎಲ್ಲಿದೆಯೆಂಬ ಪಟ್ಟಿಯನ್ನು ದೊಡ್ಡ ಕಂಪನಿಗಳು ಕೋಟ್ಯಂತರ ಮೊಬೈಲುಗಳ ನೆರವಿನಿಂದಲೇ ತಯಾರಿಸಿಟ್ಟಿವೆ. ಅದರೊಡನೆ ಹೋಲಿಸಿ ಒಂದು ಅಂದಾಜಿಗೆ ಬರುತ್ತದೆ. ನಗರದಲ್ಲಿ ನೆರೆಹೊರೆ ದಟ್ಟವಾದ್ದರಿಂದ ಅಂದಾಜು ಹತ್ತಾರು ಮೀಟರಿಗೆ ಬಂದು ನಿಲ್ಲುತ್ತದೆ. ಆದರೆ ಯಾರಾದರೂ ಮನೆ ಬದಲಾಯಿಸಿ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರೆ ನೆರೆಯವನ ಸಾಕ್ಷಿಯೂ ಸುಳ್ಳಾಗುವುದುಂಟು.

ಕಾಡಿನಲ್ಲಿ ಈ ನೆರೆಹೊರೆಯೇ ಇಲ್ಲ. ನಗರದಲ್ಲಿ ಕೆಲವು ನೂರು ಮೀಟರಿಗೊಂದರಂತೆ ಇರುವ ಟವರು ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರಿಗೊಂದು. ಹಳೆಯ 2ಜಿ ವ್ಯವಸ್ಥೆಯಲ್ಲಿ ಒಂದು ಟವರು 35 ಕಿಲೋಮೀಟರಿನವರೆಗಿನ ಮೊಬೈಲಿನೊಡನೆ ಮಾತಾಡಬಹುದು. ಅದು ದೂರವನ್ನು ಎಣಿಸುವುದು ಸುಮಾರು 550 ಮೀಟರಿನ ಮೆಟ್ಟಿಲುಗಳಲ್ಲಿ. ಅಂದರೆ ಟವರೊಂದನ್ನೇ ನಂಬಿದರೆ, ಕಾಡಿನಲ್ಲಿ ಕಳೆದುಹೋದವನು ಅರ್ಧ ಕಿಲೋಮೀಟರು ಅಗಲದ ಒಂದು ದೊಡ್ಡ ಕಮಾನಿನ ಉದ್ದಕ್ಕೂ ಎಲ್ಲಿ ಬೇಕಾದರೂ ಇರಬಹುದು. ನಗರದಲ್ಲಿ ಟವರಿನ ಸಾಕ್ಷಿ ಒಂದು ಬಡಾವಣೆಯನ್ನು ತೋರಿಸಿದರೆ, ಮಲೆನಾಡಿನಲ್ಲಿ ಒಂದು ಹೋಬಳಿಯನ್ನೇ ತೋರಿಸೀತು!

ಕಾಡಿನಲ್ಲಿ ಆಕಾಶದ ಸಾಕ್ಷಿಯೇ ಗತಿ. ಅದಕ್ಕೂ ತೊಡಕುಗಳಿವೆ. ಒದ್ದೆ ಎಲೆಗಳ ದಟ್ಟ ಮೇಲ್ಛಾವಣಿ ಸಂಕೇತವನ್ನು ಹೀರುತ್ತದೆ. ಆಳವಾದ ಕಣಿವೆ ಆಕಾಶದ ಅರ್ಧವನ್ನು ಮರೆಮಾಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಜಿ.ಪಿ.ಎಸ್. ಉಪಗ್ರಹ ತನ್ನ ಸುದ್ದಿಯನ್ನು ಸೆಕೆಂಡಿಗೆ 50 ಬಿಟ್‌ಗಳ ನಿಧಾನಗತಿಯಲ್ಲಿ ಹೇಳುತ್ತದೆ. ತನ್ನ ಕಕ್ಷೆಯ ವಿವರವನ್ನು ಪ್ರತಿ 30 ಸೆಕೆಂಡಿಗೊಮ್ಮೆ ಪುನರುಚ್ಚರಿಸುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗವನ್ನು ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ನಗರದಲ್ಲಿ ಮೊಬೈಲು ಈ ಪಂಚಾಂಗವನ್ನು ಟವರಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಕಾಡಿನಲ್ಲಿ ಸ್ವತಃ ಕುಳಿತು ಕೇಳಬೇಕು. ನಡುವೆ ಮರ ಅಡ್ಡ ಬಂದರೆ ಮತ್ತೆ ಮೊದಲಿನಿಂದ. ಆದ್ದರಿಂದಲೇ ಕಾಡಿನಲ್ಲಿ ಚುಕ್ಕೆ ಮೂಡಲು ನಿಮಿಷಗಳೇ ಹಿಡಿಯುವುದುಂಟು. ತೆರೆದ ಜಾಗದಲ್ಲಿ ಅಲುಗದೆ ನಿಂತು ತಾಳ್ಮೆಯಿಂದ ಕಾಯಬೇಕು. ನನ್ನ ವಿದ್ಯಾರ್ಥಿ ಮಾಡಿದ್ದೂ ಅದನ್ನೇ. ರಸ್ತೆಯ ತಿರುವಿನಲ್ಲಿ ಮರಗಳು ಬಿಟ್ಟುಕೊಟ್ಟ ಆಕಾಶದ ಕೆಳಗೆ ಹೋಗಿ ನಿಂತಿದ್ದ.

ಚುಕ್ಕೆಯ ಸುತ್ತ ತಿಳಿನೀಲಿಯ ಒಂದು ವೃತ್ತ ಕಾಣುವುದನ್ನು ಓದುಗರು ಗಮನಿಸಿರಬಹುದು. ಅದು ಮೊಬೈಲು ತನ್ನ ಸಂದೇಹವನ್ನು ಒಪ್ಪಿಕೊಳ್ಳುವ ಬಗೆ. ಆಂಡ್ರಾಯ್ಡ್ ಮೊಬೈಲುಗಳ ಮಟ್ಟಿಗೆ ಆ ವೃತ್ತದ ಅರ್ಥ, ನಿಜವಾದ ಸ್ಥಳ ಅದರೊಳಗಿರುವ ಸಂಭವ ನೂರಕ್ಕೆ 68 ಎಂದು. ಅಂದರೆ ಹೆಚ್ಚುಕಡಿಮೆ ಮೂರು ಸಲಕ್ಕೊಮ್ಮೆ ನಾವು ವೃತ್ತದ ಹೊರಗಿರುತ್ತೇವೆ! ಆ ರಾತ್ರಿ ನಾನಾಗಲಿ ಚಾಲಕನಾಗಲಿ ನೋಡಿದ್ದು ಚುಕ್ಕೆಯನ್ನು ಮಾತ್ರ, ವೃತ್ತವನ್ನಲ್ಲ.

ಕಾನೂನು ಮಾಡುವವರೂ ಈ ಸಂಭವನೀಯತೆಯನ್ನು ಒಪ್ಪಿಕೊಂಡೇ ನಿಯಮ ಬರೆದಿದ್ದಾರೆ. ಅಮೆರಿಕದಲ್ಲಿ ತುರ್ತು ಕರೆ ಮಾಡಿದವರ ಸ್ಥಳವನ್ನು ಮೊಬೈಲ್ ಕಂಪನಿಗಳು ತಿಳಿಸಬೇಕೆಂಬ ನಿಯಮ 1996ರಲ್ಲಿ ಬಂದಿತು. 1999ರ ತಿದ್ದುಪಡಿಯಂತೆ, ಮೊಬೈಲೇ ಸ್ಥಳ ಕಂಡುಕೊಳ್ಳುವ ಕ್ರಮದಲ್ಲಿ ನೂರಕ್ಕೆ 67 ಕರೆಗಳು 50 ಮೀಟರಿನೊಳಗೆ, 95 ಕರೆಗಳು 150 ಮೀಟರಿನೊಳಗೆ ಇರಬೇಕಾಗಿತ್ತು. 2010ರಲ್ಲಿ ದಟ್ಟ ಅರಣ್ಯವಿರುವ ಕೌಂಟಿಗಳ ಪೈಕಿ ನೂರಕ್ಕೆ 15ರವರೆಗೆ ವಿನಾಯಿತಿ ಪಡೆಯಲು ಕಂಪನಿಗಳಿಗೆ ಅವಕಾಶ ದೊರೆಯಿತು. 2015ರಲ್ಲಿ ಕಟ್ಟಡಗಳ ಒಳಗಿನಿಂದ ಬರುವ ಕರೆಗಳಿಗೂ ನಿಯಮ ಬಂದಿತು. ಎಷ್ಟನೆಯ ಅಂತಸ್ತು ಎಂಬ ಪ್ರಶ್ನೆಯೂ ಆಗ ಎದ್ದಿತು. ಕಾಡಿಗೊಂದು ವಿನಾಯಿತಿ, ಕಟ್ಟಡಕ್ಕೊಂದು ಹೊಸ ನಿಯಮ: ಎರಡು ತುದಿಗಳ ಕಷ್ಟವೂ ಕಾನೂನಿನ ಪುಟಗಳಲ್ಲಿಯೇ ದಾಖಲಾಗಿದೆ. ನಮ್ಮ ದೇಶದಲ್ಲಿ 2016ರ ನಿಯಮಗಳು 2017ರಿಂದ ಮೊಬೈಲುಗಳಲ್ಲಿ ತುರ್ತು ಗುಂಡಿಯನ್ನೂ 2018ರಿಂದ ಜಿ.ಪಿ.ಎಸ್. ಅನ್ನೂ ಕಡ್ಡಾಯಗೊಳಿಸಿದವು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112 ಎಂಬ ಒಂದೇ ಸಂಖ್ಯೆ ಬಂದಿದೆ.

ಲ್ಯಾಂಬ್ಟನ್ ಆಧಾರರೇಖೆ ಅಳೆದ ನಾಡಿನಲ್ಲಿಯೇ ನಮ್ಮವರೂ ಆಕಾಶದಲ್ಲಿ ಬೆಟ್ಟಗಳನ್ನಿರಿಸಿದ್ದಾರೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋದ ಪಥನಿರ್ದೇಶನ ಕೇಂದ್ರ 2013ರಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. 2016ರ ಏಪ್ರಿಲಿನಲ್ಲಿ ಏಳನೆಯದು ಮೇಲೇರಿದಾಗ ವ್ಯವಸ್ಥೆಗೆ 'ನಾವಿಕ್' ಎಂಬ ಹೆಸರು ಬಂದಿತು. ಉಪಗ್ರಹಗಳ ನಿಯಂತ್ರಣದಲ್ಲಿ ನಮ್ಮ ಹಾಸನದ ಕೇಂದ್ರದ ಪಾತ್ರ ದೊಡ್ಡದು. ಸುಮಾರು 36,000 ಕಿಲೋಮೀಟರು ಎತ್ತರದಿಂದ ಭಾರತವನ್ನೂ ಅದರ ಸುತ್ತ ಸುಮಾರು 1,500 ಕಿಲೋಮೀಟರನ್ನೂ ಗುರಿಯಾಗಿಟ್ಟುಕೊಂಡ ವ್ಯವಸ್ಥೆ ಇದು. ಹಾದಿ ಹೂವಿನದಾಗಿರಲಿಲ್ಲ. ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. ದೇಶದಲ್ಲಿಯೇ ತಯಾರಾದ ಗಡಿಯಾರ ಹೊತ್ತ ಹೊಸ ಪೀಳಿಗೆಯ ಉಪಗ್ರಹ 2023ರ ಮೇ 29ರಂದು ಹಾರಿತು. 2025ರ ಜನವರಿಯಲ್ಲಿ ಹಾರಿದ ಮುಂದಿನದು ಉದ್ದೇಶಿತ ಕಕ್ಷೆಯನ್ನು ಸೇರಲಾಗಲಿಲ್ಲ. ಲ್ಯಾಂಬ್ಟನ್ನನ ಹಗ್ಗ ಕಡಿದದ್ದನ್ನು ನೆನೆದರೆ, ಇಂಥ ಕೆಲಸದಲ್ಲಿ ಡೇರೆಯೊಳಗೆ ಆರು ವಾರ ಕೂರುವ ತಾಳ್ಮೆ ಎಲ್ಲ ಕಾಲದಲ್ಲಿಯೂ ಬೇಕೆನಿಸುತ್ತದೆ.

ಇಷ್ಟನ್ನೂ ಓದಿ ತಿಳಿದ ಮೇಲೆ ನನಗೆ ಸ್ಪಷ್ಟವಾದದ್ದು ಒಂದು ವಿಷಯ. ನಾವಿರುವ ಸ್ಥಳ ತಿಳಿಯುವುದು ಬೇರೆ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ. ಮೊದಲನೆಯದಕ್ಕೆ ತೆರೆದ ಆಕಾಶ ಬೇಕು. ಎರಡನೆಯದಕ್ಕೆ ನೆರೆಹೊರೆ ಬೇಕು. ಕಾಡಿನಲ್ಲಿ ಆಕಾಶವಿದ್ದರೂ ನೆರೆಯಿಲ್ಲ. ಊರಿನಲ್ಲಿ ನೆರೆಯಿದ್ದರೂ ಆಕಾಶ ಮರೆಯಾಗಿದೆ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದೇ ಆ ರಾತ್ರಿಯ ನನ್ನ ತಪ್ಪು.

ನೆರೆ ಅತಿಯಾದರೂ ಕಷ್ಟವೇ. ನಮ್ಮ ದಸರೆಯನ್ನು ನೋಡಿ. ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೊರಡುವ ಹೊತ್ತಿಗೆ ಸಯ್ಯಾಜಿರಾವ್ ರಸ್ತೆಯ ಎರಡು ಬದಿಗಳಲ್ಲಿ ಲಕ್ಷಾಂತರ ಜನ. ಎಲ್ಲರ ಕೈಯಲ್ಲೂ ಮೊಬೈಲು. ಆಕಾಶ ತೆರೆದಿದೆ, ಟವರು ಹತ್ತಿರದಲ್ಲಿಯೇ ಇದೆ. ಆದರೂ ಕರೆ ಹೋಗುವುದಿಲ್ಲ, ಚಿತ್ರ ಹೋಗುವುದಿಲ್ಲ. ಒಂದು ಟವರು ಒಂದೇ ಸಮಯಕ್ಕೆ ಇಂತಿಷ್ಟು ಜನರೊಡನೆ ಮಾತ್ರ ಮಾತಾಡಬಲ್ಲದು. ಆ ಗದ್ದಲದಲ್ಲಿ ನಿಂತವನ ಪಾಡು ಆಗುಂಬೆಯಲ್ಲಿ ಒಂಟಿಯಾಗಿ ನಿಂತವನಿಗಿಂತ ಬೇರೆಯಲ್ಲ. ತಪ್ಪಿಸಿಕೊಂಡ ಮಗುವಿನ ಅಂಗಿಯ ಬಣ್ಣವನ್ನು ಪೊಲೀಸರು ಧ್ವನಿವರ್ಧಕದಲ್ಲಿ ಕೂಗಿ ಹೇಳುವ ಹಳೆಯ ಕ್ರಮವೇ ಅಲ್ಲಿ ಕೈಹಿಡಿಯುತ್ತದೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡು, ಕರಾವಳಿಗಳ ಮಕ್ಕಳು ಪಾಠ ಕೇಳಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನನ್ನಂಥ ಮೇಷ್ಟರುಗಳ ಕರುಳು ಚುರುಕ್ಕೆಂದಿತ್ತು. ಲ್ಯಾಂಬ್ಟನ್ ನೋಡಲೆಂದು ಹತ್ತಿದ ಬೆಟ್ಟಸಾಲನ್ನೇ ಇನ್ನೂರು ವರ್ಷಗಳ ತರುವಾಯ ನಮ್ಮ ಮಕ್ಕಳು ಕೇಳಲೆಂದು ಹತ್ತಬೇಕಾಯಿತು.

ಕೊನೆಯದಾಗಿ ಇನ್ನೊಂದು ಐತಿಹಾಸಿಕ ಸಂಗತಿ. ಲ್ಯಾಂಬ್ಟನ್ ತ್ರಿಕೋನಗಳನ್ನು ಹೆಣೆಯುತ್ತಿದ್ದ ಕಾಲದಲ್ಲಿಯೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಇನ್ನೊಂದು ಮೋಜಣಿ ನಡೆಸುತ್ತಿದ್ದ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರು ಊರೂರು ತಿರುಗಿ ಶಾಸನ, ಕೈಫಿಯತ್ತು, ಊರಿನ ಹೆಸರು, ಐತಿಹ್ಯಗಳನ್ನು ಜನರನ್ನು ಕೇಳಿ ಕೂಡಿಹಾಕಿದರು. ಒಬ್ಬ ಬಿಂದುವನ್ನು ಕೊಟ್ಟ, ಇನ್ನೊಬ್ಬ ಹೆಸರನ್ನು ಕೊಟ್ಟ. ಎರಡೂ ಸೇರಿದಾಗಲೇ ನಕ್ಷೆ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ನಮ್ಮ ಬಡಾವಣೆಯನ್ನು ಗುರುತಿಸಿತು. ಅಂಚೆ ಇಲಾಖೆ 2025ರಲ್ಲಿ ಹೊರತಂದ 'ಡಿಜಿಪಿನ್' ಹತ್ತು ಅಕ್ಷರಗಳಲ್ಲಿ ಸುಮಾರು ನಾಲ್ಕು ಮೀಟರಿನ ಚೌಕವನ್ನೇ ಗುರುತಿಸುತ್ತದೆ. ಸಂತೋಷವೇ. ಆದರೆ "ಹಸಿರು ಗೇಟು, ಮುಂದೆ ಹೊಂಗೆ ಮರ, ದೀಪ ಹಾಕಿರುತ್ತೇವೆ" ಎಂಬ ಮಾತಿನ ಕೆಲಸವನ್ನು ಅದು ಮಾಡಲಾರದು.

ನಾನು ಈಗ ಪಾಲಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಊರಿನಲ್ಲಾದರೆ, ಲೊಕೇಶನ್ ಕಳುಹಿಸುವ ಮೊದಲು ಮನೆಯಿಂದ ಹೊರಗೆ ಬಂದು ಅರ್ಧ ನಿಮಿಷ ಆಕಾಶದ ಕೆಳಗೆ ನಿಲ್ಲುತ್ತೇನೆ. ವೃತ್ತ ಚಿಕ್ಕದಾಗುವುದನ್ನು ನೋಡಿ ಕಳುಹಿಸುತ್ತೇನೆ. ಜೊತೆಗೆ ಮುಖ್ಯರಸ್ತೆ, ಅಡ್ಡರಸ್ತೆ, ಮನೆಯ ಗುರುತುಗಳನ್ನು ಬಾಯಲ್ಲಿ ಹೇಳುತ್ತೇನೆ. ಒಬ್ಬರನ್ನು ಮೂಲೆಗೆ ಕಳುಹಿಸುತ್ತೇನೆ. ಕಾಡಿಗೆ ಹೋಗುವ ಮಕ್ಕಳಿಗೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಹೋಗುವ ದಾರಿಯನ್ನು ಮನೆಯಲ್ಲಿ ಹೇಳಿಹೋಗಿ, ಒಂದು ಪೆನ್ನು ಮತ್ತು ಚೀಟಿ ಜೇಬಿನಲ್ಲಿರಲಿ ಎನ್ನುತ್ತೇನೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರು. ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಹನ್ನೊಂದು ಮೀಟರಿನವರೆಗೆ ತಿಳಿಯುತ್ತದೆ, ಮೂರಕ್ಕೆ ನಿಲ್ಲಿಸಿದರೆ ನೂರು ಮೀಟರು ದಾಟುತ್ತದೆ. ಆ ನಾಲ್ಕನೆಯ ಅಂಕಿಯನ್ನು ಬಿಡಬೇಡಿ.

ರಾಯರು ತಮ್ಮ ಗೇಟಿಗೆ ಈಗ ದೊಡ್ಡ ಅಂಕಿಗಳ ಫಲಕ ಹಾಕಿಸಿದ್ದಾರೆ. ಅದರ ಮೇಲೊಂದು ಪುಟ್ಟ ದೀಪ. ಸಂಜೆಯಾದೊಡನೆ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿದಾಗಲೆಲ್ಲ ಶ್ರೀರಂಗಪಟ್ಟಣದ ಬಯಲಿನಲ್ಲಿ ದಿಕ್ಸೂಚಿಯ ಮೇಲೆ ಕುಳಿತಿದ್ದ ಆ ಮಿಣುಕುಹುಳು ನನಗೆ ನೆನಪಾಗುತ್ತದೆ.